ಬಸ್ಸು ತಿರುಗುವಷ್ಟು ಜಾಗ

ಬಸ್ಸೇ ಬಾರದ ಊರಿನಲ್ಲಿ ಸ್ವಂತಕ್ಕೊಂದು ಬಸ್ ಸ್ಟ್ಯಾಂಡ್ ಕಟ್ಟಿಸಿಕೊಂಡವರು ಈ ಭೂಮಿಯ ಮೇಲೆ ಎಷ್ಟು ಜನ ಇರಬಹುದು? ನನಗೆ ಗೊತ್ತಿರುವಂತೆ ಒಬ್ಬರೇ. ಅವರು ನನ್ನ ಸೋದರಮಾವ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆಯೇ ಕೋಲಾರದ ನಮ್ಮ ಮನೆ ಬಾಗಿಲಿಗೆ ಬಂದು, "ಏನಮ್ಮಾ, ನನ್ನ ವಿಷಯ ಬರೆದಿದೀಯಂತೆ. ಬಸ್ಸಿನ ವಿಷಯಾನೂ ಬರೆದ್ಯಾ?" ಎಂದು ಕೇಳುತ್ತಾರೆ. ತಮ್ಮ ಮಾನ ಹೋದರೆ ಅವರಿಗೆ ಚಿಂತೆಯಿಲ್ಲ, ಬಸ್ಸಿನ ವಿಷಯ ಬಿಟ್ಟುಹೋಗಬಾರದು!

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ, ದೇವರಾಯಸಮುದ್ರ ಇನ್ನೂ ಸ್ವಲ್ಪ ದೂರ ಇರುವಾಗಲೇ ಒಂದು ಕ್ರಾಸ್ ಸಿಗುತ್ತದೆ. ಅಲ್ಲಿಳಿದು ಮೂರು ಕಿಲೋಮೀಟರ್ ಒಳಗೆ ನಡೆದರೆ ಮಾವನ ಊರು. ರಸ್ತೆ ಆ ಊರಿನಲ್ಲೇ ಮುಗಿಯುತ್ತದೆ. ಅಲ್ಲಿಂದಾಚೆ ಕೆರೆ ಕಟ್ಟೆ, ಕಟ್ಟೆಯ ಮೇಲೆ ದನ ಮತ್ತು ಮನುಷ್ಯರು ಓಡಾಡುವಷ್ಟೇ ದಾರಿ. ಆ ಕೊನೆಯಲ್ಲಿರುವ ತಮ್ಮ ಮನೆಯ ಮುಂದೆ, ಹೊಂಗೆ ಮರದ ಕೆಳಗೆ, ಮಾವ ಎರಡು ಚಪ್ಪಡಿ ಕಲ್ಲು ಹಾಕಿಸಿ, ಮೇಲೊಂದು ತಗಡು ಹೊದಿಸಿದ್ದಾರೆ. ಪಕ್ಕದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ 'ಪ್ರಯಾಣಿಕರ ತಂಗುದಾಣ' ಎಂದು ಬರೆದಿದ್ದಾರೆ. ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಒಂದು ಚಪ್ಪಡಿಯ ಮೇಲೆ 'ಮಹಿಳೆಯರಿಗೆ ಮೀಸಲು' ಎಂದೂ ಬರೆದಿದ್ದಾರೆ! ಅಪ್ಪಿತಪ್ಪಿ ಯಾವ ಗಂಡಸಾದರೂ ಅದರ ಮೇಲೆ ಕೂತರೆ ಎಬ್ಬಿಸಿಬಿಡುತ್ತಾರೆ.

ಕ್ರಾಸಿಗೆ ನಡೆದು ಹೋಗುವವರನ್ನು ಕಂಡರೆ ಮಾವ ಕರೆಯುತ್ತಾರೆ.

"ಬನ್ನಿ, ಸ್ವಲ್ಪ ಹೊತ್ತು ಕೂತ್ಕೊಳ್ಳಿ."

"ಯಾಕಣ್ಣ, ಬಸ್ಸು ಬರುತ್ತಾ?"

"ಬಸ್ಸು ಬರಲ್ಲ. ಆದ್ರೂ ಕೂತ್ಕೊಂಡು ಹೋಗಿ!"

ಗಾಳಿ ಆ ಕಡೆಯಿಂದ ಬೀಸಿದರೆ ಹೆದ್ದಾರಿಯ ಹಾರನ್ ಊರಿಗೆ ಕೇಳಿಸುತ್ತದೆ. ಮಾವ ಕಿವಿ ಅತ್ತ ಕೊಟ್ಟು, "ತಿರುಪತಿ ಗಾಡಿ. ಇವತ್ತು ಲೇಟು," ಎಂದು ಘೋಷಿಸುತ್ತಾರೆ. ಅದು ತಿರುಪತಿ ಗಾಡಿಯೋ ಇಟ್ಟಿಗೆ ಲಾರಿಯೋ ಹೋಗಿ ನೋಡಿದವರು ಯಾರು? ಆದರೆ ಊರಿನ ಕೆಲವರು ಆ ಮಾತು ಕೇಳಿಯೇ ಎದ್ದು ಊಟಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡಿದ್ದಾರೆ.

ಇದಕ್ಕೆಲ್ಲ ಕಾರಣ ಒಂದು ಸುಳ್ಳು. ಮಾವ ಮದುವೆಗೆ ಹೇಳಿದ ಸುಳ್ಳು.

ಅತ್ತೆಯ ತವರು ಶ್ರೀನಿವಾಸಪುರದ ಕಡೆ, ಮಾವಿನ ತೋಪುಗಳ ನಡುವಿನ ಊರು. ಮನೆಮಾತು ತೆಲುಗು. ಅವರ ಮನೆಯ ಜಗುಲಿಯ ಎದುರಿಗೇ ಬಸ್ಸು ನಿಲ್ಲುತ್ತಿತ್ತಂತೆ. ತಲೆ ಬಾಚಿಕೊಳ್ಳುತ್ತಾ ಕೂತಿದ್ದು, ಬಸ್ಸು ಬಂದ ಮೇಲೆ ಜಡೆ ಮುಗಿಸಿ ಹತ್ತಬಹುದಿತ್ತು ಎಂದು ಅತ್ತೆ ಈಗಲೂ ಹೇಳುತ್ತಾರೆ. ಹೆಣ್ಣು ನೋಡಲು ಹೋದ ದಿನ ಅತ್ತೆಯ ತಂದೆ ಹೊಲ ಎಷ್ಟು, ಹಸು ಎಷ್ಟು ಎಂದೇನೂ ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. "ಮೀ ಊರಿಕಿ ಬಸ್ಸು ವಸ್ತುಂದಾ?" ನಿಮ್ಮೂರಿಗೆ ಬಸ್ಸು ಬರುತ್ತದೆಯೇ? ಅಷ್ಟರಲ್ಲಿ ಒಳಗಿನ ಬಾಗಿಲ ಸಂದಿಯಿಂದ ಹುಡುಗಿ ಇಣುಕಿದಳು. ಮಾವನಿಗೆ ಬುದ್ಧಿ ಎಲ್ಲಿ ನಿಲ್ಲಬೇಕು? "ವಚ್ಚೇ ನೆಲ!" ಎಂದುಬಿಟ್ಟರು. ಬರುವ ತಿಂಗಳು.

ಮದುವೆಯಾಗಿ ಕ್ರಾಸಿನಲ್ಲಿಳಿದ ಮದುಮಗಳು ಸುತ್ತ ನೋಡಿ, "ಇಲ್ಲಿಂದ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರಂತೆ. ಮಾವ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು, ಮುಖ ಕಾಣದ ಹಾಗೆ ಮುಂದೆ ಮುಂದೆ ನಡೆದರಂತೆ. ಅಂದಿನಿಂದ ಆ ಮನೆಯಲ್ಲಿ ಅದೊಂದು ಮಾತು ಉಳಿದುಹೋಯಿತು. ಸೂರು ಸೋರುತ್ತಿದೆ, ಸರಿ ಮಾಡಿಸುತ್ತೇನೆ ಎಂದರೆ, "ಯಾವಾಗ, ವಚ್ಚೇ ನೆಲನಾ?" ಡಾಕ್ಟರಿಗೆ ಹಲ್ಲು ತೋರಿಸಿಕೊಂಡು ಬರುತ್ತೇನೆ ಎಂದರೆ, "ವಚ್ಚೇ ನೆಲನಾ?" ಕೊನೆಗೆ ಊರಿನವರೂ ಕಲಿತರು. ಎಂದೂ ಆಗದ ಕೆಲಸಕ್ಕೆ ಆ ಊರಿನಲ್ಲಿ ಅದೇ ಹೆಸರು.

ಎಲ್ಲರಿಗೂ ಅದು ತಮಾಷೆ. ಮಾವನಿಗೆ ಮಾತ್ರ ಎಂದೂ ತಮಾಷೆಯಾಗಲಿಲ್ಲ. ಬಸ್ಸಿನ ಕಚೇರಿಗೆ ಹೋದರು, ಚುನಾವಣೆಗೆ ನಿಂತವರ ಮನೆಗೆ ಹೋದರು, ಗೆದ್ದವರ ಮನೆಗೂ ಹೋದರು, ಸೋತವರ ಮನೆಗೂ ಹೋದರು. ಎಲ್ಲ ಕಡೆಯೂ ಒಂದೇ ಉತ್ತರ: "ನಿಮ್ಮೂರಲ್ಲಿ ಬಸ್ಸು ತಿರುಗಿಸೋಕೆ ಜಾಗ ಇಲ್ಲ ಕಣಪ್ಪಾ." ಮಾತು ನಿಜ. ರಸ್ತೆ ಮುಗಿಯುವ ಕಡೆ ಎಡಕ್ಕೆ ಮನೆ, ಬಲಕ್ಕೆ ಮಾವನ ಕಣ, ಎದುರಿಗೆ ಕೆರೆ. ಹೋದ ಬಸ್ಸು ಹಿಂದಕ್ಕೆ ಬರಬೇಕೆಂದರೆ ಹಿಮ್ಮುಖವಾಗಿಯೇ ಬರಬೇಕು. ಇತ್ತೀಚೆಗೆ ಅತ್ತೆಗೆ ಮಂಡಿ ನೋವು ಬಂತು. ಕ್ರಾಸಿನವರೆಗೆ ನಡೆಯಲಾರರು. ಮೊಪೆಡ್ಡಿನ ಹಿಂದೆ ಕೂರಲಾರರು. ಆಟೋದವರು ಆ ಗುಂಡಿ ರಸ್ತೆಗೆ ಬರಲೊಲ್ಲರು. ತವರಿನ ಅಣ್ಣನ ಮುಖ ನೋಡಿ ಬಹಳ ಕಾಲವಾಯಿತು. ಅತ್ತೆ ಆಗಲೂ ನಗುತ್ತಲೇ ಅದೇ ಮಾತು ಹೇಳುತ್ತಿದ್ದರು. ಆ ನಗು ಕೇಳಿದಾಗಲೆಲ್ಲ ಮಾವ ಎದ್ದು ಹೊರಗೆ ಹೋಗುತ್ತಿದ್ದರು.

ಇಂಥ ಮಾವನಿರುವಾಗ ನನ್ನನ್ನು ಸಾರಿಗೆ ಸಮಿತಿಗೆ ಹಾಕಿದರು!

ನಾನು ಕೋಲಾರದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳುವವಳು. ಶಾಲಾ ಮಕ್ಕಳ ರಾಜ್ಯ ಮಟ್ಟದ ಕ್ರೀಡಾಕೂಟ ನಮ್ಮ ಕಡೆ ನಡೆಯುವುದೆಂದು ತೀರ್ಮಾನವಾದಾಗ, 'ನಿಮಗೆ ಭೂಪಟ ಬರುತ್ತಲ್ಲ' ಎಂಬ ಒಂದೇ ಅರ್ಹತೆಯ ಮೇಲೆ ಸಾರಿಗೆ ಮತ್ತು ಜಾಗದ ಉಪಸಮಿತಿಗೆ ಸೇರಿಸಿದರು. ಕೂಟವನ್ನು ಒಂದೇ ಊರಿನಲ್ಲಿ ನಡೆಸಿದ್ದರೆ ಕಷ್ಟವಿರಲಿಲ್ಲ. ಯಾರಿಗೂ ಬೇಜಾರಾಗಬಾರದೆಂದು, ಮದುವೆ ಮನೆಯಲ್ಲಿ ಲಾಡು ಹಂಚಿದ ಹಾಗೆ ನಾಲ್ಕು ತಾಲ್ಲೂಕಿಗೆ ಹಂಚಿದ್ದರು. ಓಟ, ಜಿಗಿತ ಕೋಲಾರಕ್ಕೆ. ಕಬಡ್ಡಿ ಮುಳಬಾಗಿಲಿಗೆ. ಖೊಖೊ ಮಾಲೂರಿಗೆ. ವಾಲಿಬಾಲ್ ಶ್ರೀನಿವಾಸಪುರಕ್ಕೆ. ಅಂದರೆ ಬೀದರಿನಿಂದ ಬಂದ ಒಂದು ಮಗು ಮಾಲೂರಿನಲ್ಲಿ ಮಲಗಿ, ಕೋಲಾರದಲ್ಲಿ ಓಡಿ, ಮುಳಬಾಗಿಲಿನಲ್ಲಿ ತನ್ನ ಶಾಲೆಯ ಕಬಡ್ಡಿ ನೋಡಬೇಕಾದರೆ ಎಷ್ಟು ಬಸ್ಸು ಹತ್ತಬೇಕು? ಮಾಲೂರಿನ ಬಸ್ಸುಗಳು ನರಸಾಪುರ ದಾಟುವ ಹೊತ್ತಿಗೆ ಅಲ್ಲಿ ಕಂಪನಿ ಬಸ್ಸುಗಳು ಶಿಫ್ಟ್ ಬಿಟ್ಟು ಸಾಲುಗಟ್ಟಿರುತ್ತವೆ. ಇದನ್ನು ಬಿಡಿಸಲು ನಾವು ಹೊಸ ರಸ್ತೆ ಎಳೆಯುತ್ತಿದ್ದೆವು, ಅಳಿಸುತ್ತಿದ್ದೆವು, ಬೋಂಡ ತಿನ್ನುತ್ತಿದ್ದೆವು. ಭೂಪಟದ ಮೇಲೆ ರಸ್ತೆ ಎಳೆಯುವುದು ಎಷ್ಟು ಸುಖದ ಕೆಲಸ! ಯಾರ ಮನೆಯೂ ಅಡ್ಡ ಬರುವುದಿಲ್ಲ, ಯಾರ ಎಮ್ಮೆಯೂ ಎದುರಾಗುವುದಿಲ್ಲ.

ಸುದ್ದಿ ತಿಳಿದ ಮರುದಿನವೇ ಮಾವ ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತು ನಮ್ಮ ಮನೆಗೆ ಬಂದರು. ಆಮೇಲೆ ದಿನಾ ಬರತೊಡಗಿದರು. ಊಟಕ್ಕೆ ಕೂತರೆ ತಟ್ಟೆಯೇ ಭೂಪಟ.

"ನೋಡಮ್ಮಾ, ಈ ಮುದ್ದೆ ಕೋಲಾರ ಅನ್ಕೋ. ಈ ಉಪ್ಪಿನಕಾಯಿ ಮುಳಬಾಗ್ಲು. ಸಾರು ಹೈವೇ."

"ಮಾಲೂರು ಎಲ್ಲಿ ಮಾವ?"

"ತಟ್ಟೆ ಆಚೆ ಹೋಯ್ತು. ಆ ಲೋಟ ಇಟ್ಕೋ."

ಅವರೆಕಾಳುಗಳೆಲ್ಲ ಬಸ್ಸುಗಳು. ಒಂದೊಂದನ್ನೇ ಬೆರಳಿನಿಂದ ತಳ್ಳಿ ಓಡಿಸುತ್ತಿದ್ದರು. ಎರಡು ಕಾಳು ಎದುರುಬದುರಾದರೆ ಒಂದನ್ನು ತಿಂದು ದಾರಿ ಬಿಡಿಸುತ್ತಿದ್ದರು. ಮುದ್ದೆ ಆರಿ ಕಲ್ಲಾಯಿತು, ಮಾಲೂರಿನ ಮಕ್ಕಳು ಮಾತ್ರ ಇನ್ನೂ ಕೋಲಾರ ತಲುಪಿರಲಿಲ್ಲ! ಆದರೆ ಒಂದು ವಿಷಯ ಗಮನಿಸಿದೆ. ಯಾವ ಕಾಳು ಎಲ್ಲಿಂದ ಹೊರಟರೂ, ಸುತ್ತಿ ಬಳಸಿ, ಕೊನೆಗೆ ಮಾವನ ಊರಿಗೆ ಬಂದು ನಿಲ್ಲುತ್ತಿತ್ತು.

ಅವರ ಅದೃಷ್ಟಕ್ಕೆ ಸಮಿತಿಗೆ ಗುಡ್ಡಗಾಡು ಓಟದ ತಲೆನೋವು ಬಂತು. ಅದಕ್ಕೆ ಮೈದಾನ ಸಾಲದು, ಏರುತಗ್ಗಿನ ದಾರಿ ಬೇಕು. ಮೊದಲು ನೋಡಿದ ಜಾಗಗಳಲ್ಲಿ ಎಲ್ಲೆಲ್ಲೂ ಲಾರಿ, ಧೂಳು. ಸಭೆಯಲ್ಲಿ ನಾನು ಬಾಯಿ ತಪ್ಪಿ ಮಾವನ ಊರಿನ ಕೆರೆ ಕಟ್ಟೆಯ ಮಾತೆತ್ತಿದೆ. ಅಷ್ಟು ಸಾಕಾಯಿತು! ಹೊರಗೆ ವರಾಂಡದಲ್ಲಿ ಅವರೆಕಾಯಿ ಚೀಲ ಹಿಡಿದು ನನಗಾಗಿ ಕಾಯುತ್ತಿದ್ದ ಮಾವ ಬಾಗಿಲು ತಳ್ಳಿಕೊಂಡು ಒಳಗೇ ಬಂದರು. ಸಮಿತಿಯ ಅಧ್ಯಕ್ಷರಾಗಿದ್ದ ಸಾಹೇಬರ ಮುಂದೆ ನಿಂತು ಕೈ ಮುಗಿದರು.

"ಸ್ವಾಮಿ, ಓಡೋರಿಗೆ ಏನ್ ಬೇಕು? ಏರು ಬೇಕು, ಇಳುವು ಬೇಕು, ಮುಳ್ಳಿರಬಾರ್ದು. ನಮ್ಮೂರಲ್ಲಿ ಏರಿದೆ, ಇಳುವಿದೆ. ಮುಳ್ಳು ನಾನೇ ಸವರಿಸ್ತೀನಿ."

"ನಾಯಿ ಕಾಟ ಇದೆಯೇನಪ್ಪಾ?" ಎಂದರು ಸಾಹೇಬರು.

"ನಾಯಿ ಇದ್ರೇನೆ ಅಲ್ವಾ ಸ್ವಾಮಿ, ಮಕ್ಳು ಜೋರಾಗಿ ಓಡೋದು!"

ಸಾಹೇಬರು ಒಳ್ಳೆಯ ಮನುಷ್ಯರು. ನಕ್ಕರು, ಮರುದಿನ ಜೀಪು ಹತ್ತಿ ಬಂದೂಬಿಟ್ಟರು. ಕಟ್ಟೆಯ ಮೇಲೆ ನಡೆದರು, ಗುಡ್ಡದ ಬುಡ ಸುತ್ತಿದರು, ಜಾಗ ಮೆಚ್ಚಿದರು. ವಾಪಸು ಬಂದು ತಂಗುದಾಣದ ಹತ್ತಿರ ನಿಂತು ಅಕ್ಕಪಕ್ಕ ನೋಡಿ ಕೇಳಿದರು: "ಎಲ್ಲಾ ಸರಿ. ಬಸ್ಸು ಎಲ್ಲಿ ತಿರುಗಿಸೋದು?"

ಮಾವ ಬಲಕ್ಕೆ ತಿರುಗಿದರು. ಅವರ ಎದುರಿಗೆ ಅವರ ಕಣ ಇತ್ತು. ಅಜ್ಜನ ಕಾಲದ ಕಣ. ಪ್ರತಿ ವರ್ಷ ಕೆತ್ತಿ, ನೀರು ಹಾಕಿ, ಗುಂಡು ಎಳೆದು, ಸಗಣಿ ಸಾರಿಸಿ, ಪೂಜೆ ಮಾಡಿದ ಮೇಲೇ ಅಲ್ಲಿ ಚಪ್ಪಲಿ ಬಿಟ್ಟು ಕಾಲಿಡುತ್ತಿದ್ದರು. ಹೊಲದಲ್ಲಿ ರಾಗಿ ಕೊಯ್ಲಿಗೆ ಬಂದಿತ್ತು. ಮಾವ ಮನೆಯ ಬಾಗಿಲ ಕಡೆ ನೋಡಿದರು. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು.

"ಇಲ್ಲೇ ತಿರುಗ್ಸಿ ಸ್ವಾಮಿ," ಎಂದರು ಮಾವ.

ಸಾಹೇಬರಿಗೆ ಏನನ್ನಿಸಿತೋ, ಹೋಗುವಾಗ ಒಂದು ಮಾತು ಕೊಟ್ಟರು. ಓಟ ನಡೆಯುವ ದಿನಗಳಲ್ಲಿ ಬಸ್ಸು ತೊಂದರೆಯಿಲ್ಲದೆ ಬಂದು ಹೋದರೆ, ಆಮೇಲೂ ದಿನಕ್ಕೊಂದು ಸಲ ಬರುವಂತೆ ತಾವೇ ಶಿಫಾರಸು ಮಾಡುತ್ತೇನೆ ಎಂದರು. ಮೊದಲನೆಯ ದಿನ ಮಕ್ಕಳನ್ನಿಳಿಸಿ ಖಾಲಿ ಹೋಗುವ ಬಸ್ಸಿನಲ್ಲಿ ಅತ್ತೆ ಕ್ರಾಸಿನವರೆಗೆ ಹೋಗಿ ಬರಲಿ ಎಂದೂ ಒಪ್ಪಿದರು. ಮಾವ ಅಂದು ರಾತ್ರಿ ಊಟ ಮಾಡಲಿಲ್ಲವಂತೆ, ಹಸಿವಾಗಲಿಲ್ಲವಂತೆ.

ಅಷ್ಟರಲ್ಲಿ ಸುತ್ತಮುತ್ತಲ ಊರುಗಳಿಗೆ ಭೂಮಿಯ ಜ್ವರ ಹತ್ತಿತ್ತು. ಕ್ರೀಡಾಕೂಟ ಬರುತ್ತದಂತೆ, ಸ್ಟೇಡಿಯಂ ಬರುತ್ತದಂತೆ, ಆಮೇಲೆ ಏನೇನೋ ಬರುತ್ತದಂತೆ! ಕುರಿ ಮೇಯುತ್ತಿದ್ದ ಬಯಲಿನಲ್ಲಿ ಬಿಳಿ ಕಲ್ಲುಗಳು ಎದ್ದವು. 'ಕ್ರೀಡಾ ಸಿಟಿ', 'ಚಾಂಪಿಯನ್ ಲೇಔಟ್' ಎಂಬ ಬೋರ್ಡುಗಳನ್ನು ನೆಟ್ಟರು. ಕುರಿಗಳು ಆ ಬೋರ್ಡಿನ ನೆರಳಿನಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು. ಒಬ್ಬ ದಲ್ಲಾಳಿ ಬಿಳಿ ಕಾರಿನಲ್ಲಿ ಮಾವನ ಮನೆಗೂ ಬಂದ.

"ಯಜಮಾನ್ರೇ, ಆ ಕಣ ಕೊಟ್ಬಿಡಿ. ಕೆರೆ ಕಾಣೋ ಸೈಟು, ಒಳ್ಳೇ ರೇಟು ಬರುತ್ತೆ."

"ಅದು ಬಸ್ಸಿಗೆ ಕೊಟ್ಟಾಯ್ತಲ್ಲಪ್ಪಾ."

"ಬಸ್ಸು ನಿಮಗೇನ್ ಕೊಡುತ್ತೆ?"

"ಟಿಕೆಟ್ ಕೊಡುತ್ತೆ!"

ದಲ್ಲಾಳಿ ಕಾರು ತಿರುಗಿಸಲು ಜಾಗ ಸಾಲದೆ ಹಿಮ್ಮುಖವಾಗಿಯೇ ಹೋದ. ಮಾವನಿಗೆ ಅದರಿಂದ ಕಣದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಯಿತು.

ಕಣಕ್ಕೆ ಜಲ್ಲಿ, ಗರಸು ಮಣ್ಣು ಹೊಡೆದು ರೋಲರ್ ಓಡಿಸಿದರು. ಆದರೂ ಮಾವನಿಗೆ ಅನುಮಾನ. ನಿಜವಾಗಿಯೂ ಬಸ್ಸು ತಿರುಗುತ್ತದೆಯೇ? ನಾನು ಹೋದ ಒಂದು ಭಾನುವಾರ ಕಂಡ ದೃಶ್ಯವನ್ನು ಹೇಗೆ ವಿವರಿಸಲಿ! ಬಸ್ಸಿನಷ್ಟೇ ಉದ್ದದ ಎರಡು ಬಿದಿರು ಗಳ. ಅವುಗಳನ್ನು ಎರಡು ಕಡೆ ಹೆಗಲ ಮೇಲೆ ಹೊತ್ತ ಊರಿನ ಗಂಡಸರು. ಮುಂದುಗಡೆ ಬಲಕ್ಕೆ ಮಾವ, ಕೈಯಲ್ಲಿ ಜರಡಿಯ ಸ್ಟೇರಿಂಗು, ಬಾಯಲ್ಲಿ ಹಾರನ್ನು. ಆ ಬಿದಿರು ಬಸ್ಸು ರಸ್ತೆಯಿಂದ ಬಂದು, ಕಣಕ್ಕೆ ನುಗ್ಗಿ, ಗಿರಕ್ಕನೆ ತಿರುಗಿ ವಾಪಸು ಹೊರಟಿತು. ತಂಗುದಾಣದ ಹತ್ತಿರ ಮಾವ ಬ್ರೇಕ್ ಹಾಕಿದರು. ಹಿಂದಿದ್ದವರಿಗೆ ಬ್ರೇಕ್ ಹಾಕಿದ್ದು ಗೊತ್ತಾಗದೆ ಒಬ್ಬರ ಮೇಲೊಬ್ಬರು ಬಿದ್ದರು.

ಅತ್ತೆ ಜಗುಲಿಯಿಂದ ಕೇಳಿದರು: "ಬಿದ್ದೋರೆಲ್ಲಾ ಟಿಕೆಟ್ ತಗೊಂಡಿದಾರೇನ್ರೀ?"

ನಗುತ್ತಿದ್ದರು. ಆದರೆ ನಾನು ಹೊರಡುವಾಗ ಒಳಗೆ ಕರೆದು ಪೆಟ್ಟಿಗೆ ತೆರೆದು, "ಯಾವ ಸೀರೆ ಉಡ್ಲಿ ಹೇಳಮ್ಮಾ," ಎಂದು ಮೆಲ್ಲಗೆ ಕೇಳಿದರು. ಕ್ರಾಸಿನವರೆಗೆ ಹೋಗಿ ಬರಲು ರೇಷ್ಮೆ ಸೀರೆ! ನನಗೆ ನಗು ಬರಲಿಲ್ಲ.

ಇನ್ನು ಆ ದಿನದ ಕಥೆ. ಸುಗ್ಗಿಯಲ್ಲಿ ನಮ್ಮ ಕಡೆ ಓಡಾಡಿದವರಿಗೆ ಒಂದು ಪದ್ಧತಿ ಗೊತ್ತಿರುತ್ತದೆ. ಕೊಯ್ದ ರಾಗಿ ತೆನೆ, ಒಣಗಿದ ಹುರುಳಿ ಗಿಡ ಎಲ್ಲವನ್ನೂ ಟಾರು ರಸ್ತೆಯ ಮೇಲೆ ಹರಡುತ್ತೇವೆ. ಹೋಗಿಬರುವ ವಾಹನಗಳು ತುಳಿದು ತುಳಿದು ಕಾಳು ಉದುರಿಸುತ್ತವೆ. ತಪ್ಪು ಎಂದು ಎಲ್ಲರಿಗೂ ಗೊತ್ತು, ಬಿಟ್ಟವರು ಯಾರೂ ಇಲ್ಲ. ವಾಹನವೇ ಬಾರದ ಮಾವನ ಊರಿನವರು ಮಾತ್ರ ಈ ಸುಖ ಕಂಡವರಲ್ಲ. ಈಗ ನೋಡಿ, ಕೂಟಕ್ಕೆ ಬಸ್ಸುಗಳು ಸಾಲಾಗಿ ಬರುತ್ತವೆ! ಮಾವನ ಕಣ ಜಲ್ಲಿಯಾಗಿದೆ, ರಾಗಿ ಬಣವೆಯಲ್ಲಿದೆ, ಮೋಡ ಕವಿಯುತ್ತಿದೆ. ಅವರಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಊರಿಗೆಲ್ಲ ತಾವೇ ಹೇಳಿ, ಮೊದಲ ಭಾಗ ರಾಗಿಗೆ, ಊರ ಹತ್ತಿರದ ಭಾಗ ಹುರುಳಿಗೆ ಎಂದು ರಸ್ತೆಯನ್ನು ಹಂಚಿದ್ದರು. ನಮ್ಮ ಸಮಿತಿಯಲ್ಲೂ ಇಷ್ಟು ಚೊಕ್ಕವಾದ ಹಂಚಿಕೆ ಆಗಿರಲಿಲ್ಲ.

ಮೊದಲ ಬಸ್ಸಿನಲ್ಲಿ, ದೂರದ ಜಿಲ್ಲೆಗಳಿಂದ ಬಂದ ಹುಡುಗಿಯರ ಜೊತೆ, ಡ್ರೈವರ್ ಪಕ್ಕದ ಸೀಟಿನಲ್ಲಿ ನಾನು ಕೂತಿದ್ದೆ. ಕ್ರಾಸಿನಿಂದ ಒಳಗೆ ತಿರುಗಿದ್ದೇ ಡ್ರೈವರ್ ಬಸ್ಸು ನಿಧಾನ ಮಾಡಿದರು.

"ಇದೇನ್ ಮೇಡಂ ಇದು?"

"ರಾಗಿ."

"ರಾಗಿ ಕಾಣ್ತಿದೆ. ರಸ್ತೆ ಎಲ್ಲಿ?"

"ಅದರ ಕೆಳಗೆ."

ರಾಗಿಯ ಮೇಲೆ ಬಸ್ಸು ಹೇಗೋ ಸಾಗಿತು. ಹುರುಳಿಯ ಸೀಮೆ ಶುರುವಾಗಿದ್ದೇ ಕೆಳಗಿನಿಂದ ಕರಕರ ಸದ್ದು, ಆಮೇಲೆ ಸುಟ್ಟ ವಾಸನೆ. ಹುರುಳಿಯ ನಾರುಬಳ್ಳಿ ಚಕ್ರದ ನಡುವಿನ ಶಾಫ್ಟಿಗೆ ಸುತ್ತಿಕೊಂಡು ಹಗ್ಗವಾಗಿ ಹೊಗೆಯಾಡುತ್ತಿತ್ತು. ಊರಿಗೆ ಇನ್ನೊಂದೇ ತಿರುವು ಇತ್ತು. ಡ್ರೈವರ್ ಎಲ್ಲರನ್ನೂ ಇಳಿಸಿದರು. ಹುಡುಗಿಯರು ಇದೂ ಓಟದ ಭಾಗವೆಂದುಕೊಂಡು ಅಲ್ಲಿಂದಲೇ ಕೆರೆಯ ಕಡೆ ಓಡಿದರು! ಮಾವ ಊರ ಕಡೆಯಿಂದ ಓಡಿ ಬಂದರು. ಕುಡುಗೋಲು ಹಿಡಿದು ಬಸ್ಸಿನ ಕೆಳಗೆ ತೂರಿದರು. ಬಳ್ಳಿ ಕುಯ್ದರು. ಜೊತೆಗೆ ಉದುರಿದ ಕಾಳನ್ನು ಟವೆಲ್ಲಿಗೆ ಬಾಚಿಕೊಂಡರು. ಅಭ್ಯಾಸ ಎಲ್ಲಿಗೆ ಹೋಗುತ್ತದೆ?

ಹಿಂದಿನಿಂದ ಸಾಹೇಬರ ಜೀಪು ಬಂತು. ಅವರು ಬೈಯಲಿಲ್ಲ. ಹೊಗೆ ನೋಡಿದರು, ಆಮೇಲೆ ಮಾವನನ್ನು ನೋಡಿದರು.

"ಒಳಗೆ ಮಕ್ಕಳಿದ್ರಲ್ಲಪ್ಪಾ," ಎಂದರು.

ಮಾವ ಟವೆಲ್ಲಿನಲ್ಲಿದ್ದ ಕಾಳನ್ನು ಅಲ್ಲೇ ಬಿಟ್ಟರು. ಸಾಹೇಬರು ಹೇಳಿದ್ದು ಸರಿಯಾಗಿಯೇ ಇತ್ತು. ಅಂದಿನ ಓಟ ನಡೆಯಿತು, ಮಿಕ್ಕ ದಿನಗಳ ಓಟ ಬೇರೆ ಕಡೆ ಹೋಯಿತು, ಈ ರಸ್ತೆ ಬಸ್ಸಿಗೆ ತಕ್ಕುದಲ್ಲ ಎಂದು ತೀರ್ಮಾನವಾಯಿತು.

"ಇನ್ನೊಂದೇ ತಿರುವು ಸ್ವಾಮಿ. ಅದು ದಾಟಿದ್ರೆ ಕಣ. ಚೆನ್ನಾಗಿ ತಿರುಗುತ್ತೆ, ನಾನೇ ತಿರುಗ್ಸಿ ನೋಡಿದೀನಿ," ಎಂದು ಮಾವ ಡ್ರೈವರಿಗೆ ಕೈ ಮುಗಿದರು. ಡ್ರೈವರ್ ಎದುರಿಗೆ ತಿರುವಿನವರೆಗೂ ಹಾಸಿದ್ದ ಹುರುಳಿ ನೋಡಿ, ತಲೆ ಆಡಿಸಿ, ಗಾಡಿಯನ್ನು ರಿವರ್ಸ್ ಹಾಕಿದರು. ಹಿಂದೆ ಹಾದಿ ತೋರಿಸಲು ಯಾರಾದರೂ ಬೇಕಿತ್ತು. ಮಾವನೇ ಹೋದರು. ಟವೆಲ್ ಬೀಸುತ್ತಾ, "ಬರ್ಲಿ... ಬರ್ಲಿ... ಸ್ವಲ್ಪ ಲೆಫ್ಟು... ಬರ್ಲಿ..." ಎನ್ನುತ್ತಾ, ಬದುಕೆಲ್ಲ ಕಾದ ಬಸ್ಸನ್ನು ತಾವೇ ಊರಿನಿಂದಾಚೆಗೆ ಕಳಿಸಿಕೊಟ್ಟರು. ನನಗೆ ಆ ದಿನ ಆದಷ್ಟು ಸಂಕಟ ಬೇರೆ ಯಾವತ್ತೂ ಆಗಿಲ್ಲ.

ಅತ್ತೆ ಬೆಳಿಗ್ಗೆಯಿಂದ ರೇಷ್ಮೆ ಸೀರೆ ಉಟ್ಟು ಮಹಿಳೆಯರ ಚಪ್ಪಡಿಯ ಮೇಲೆ ಕೂತಿದ್ದರು. ತಿರುವು ಅಡ್ಡ ಇದ್ದುದರಿಂದ ಬಸ್ಸು ಅವರಿಗೆ ಕಾಣಲಿಲ್ಲ. ನಾನೇ ಹೋಗಿ ಹೇಳಿದೆ.

"ಹಾರನ್ ಕೇಳಿಸ್ತು ಕಣಮ್ಮಾ," ಎಂದರು ಅತ್ತೆ. "ಅಷ್ಟು ಹತ್ರ ಬಂದಿತ್ತಲ್ಲ!"

ಅಷ್ಟು ಹೇಳಿ ಒಳಗೆ ಹೋಗಿ ಸೀರೆ ಬದಲಿಸಿದರು. ಸಂಜೆ ಮಾವ ಬಂದಾಗ ನೀರು ಕೊಟ್ಟರು, ಮುದ್ದೆ ಬಡಿಸಿದರು. ಹಳೆಯ ಮಾತು ಬರಲಿಲ್ಲ. ಬಂದಿದ್ದರೆ ಮಾವನಿಗೆ ಸಮಾಧಾನವಾಗುತ್ತಿತ್ತೋ ಏನೋ.

ಕೂಟ ಮುಗಿಯಿತು. ಮಕ್ಕಳು ಪದಕ, ಕಪ್ಪು ಹಿಡಿದುಕೊಂಡು ತಮ್ಮ ತಮ್ಮ ಊರಿಗೆ ಹೋದರು. ಲೇಔಟಿನ ಬೋರ್ಡುಗಳು ಬಿಸಿಲಿಗೆ ಮಾಸಿದವು. ನಾನು ಆಗಾಗ ಯೋಚಿಸುತ್ತೇನೆ. ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರಿಗಾಗಿ ನಾವು ಅಷ್ಟು ರಸ್ತೆ ಎಳೆದೆವು. ಆ ರಸ್ತೆಯ ಕೊನೆಯಲ್ಲೇ ಇರುವವರಿಗೆ ಒಂದು ಆಟ, ಒಂದು ಚುನಾವಣೆ, ಯಾರದೋ ದೊಡ್ಡ ಮನುಷ್ಯರ ಭೇಟಿ, ಇಂಥದ್ದೇನಾದರೂ ಬಂದಾಗಲೇ ಬಸ್ಸಿನ ಆಸೆ ಏಕೆ ಹುಟ್ಟಬೇಕು? ಸುಗ್ಗಿಯಲ್ಲಿ ಕಣ ತೆಗೆದುಕೊಂಡರೆ ರಾಗಿ ಎಲ್ಲಿಗೆ ಹೋಗುತ್ತದೆ ಎಂದು ಅಷ್ಟೊಂದು ಸಭೆಗಳಲ್ಲಿ ಯಾರೂ ಕೇಳಲಿಲ್ಲ. ಕಣ ಕೊಟ್ಟ ಮಾವನೂ ಕೇಳಿಕೊಳ್ಳಲಿಲ್ಲ. ಬಸ್ಸು ಬರುವ ಸಂತೋಷದಲ್ಲಿ ಅವರಿಗೆ ಬೇರೇನೂ ಕಂಡಿರಲಿಲ್ಲ.

ಆಮೇಲೆ ಮಾವ ಕೋಲಾರಕ್ಕೆ ಬರುವುದು ಕಡಿಮೆಯಾಯಿತು. ಬಂದರೂ ತಟ್ಟೆಯಲ್ಲಿ ಮುದ್ದೆ ಮುದ್ದೆಯಾಗಿಯೇ ಇರುತ್ತಿತ್ತು. ಹಾರನ್ ಕೇಳಿಸಿದರೆ ಯಾವ ಗಾಡಿ ಎಂದು ಹೇಳುವುದನ್ನೂ ಆ ವರ್ಷ ಬಿಟ್ಟಿದ್ದರಂತೆ. ಊರಿನವರಿಗೆ ಊಟದ ಹೊತ್ತು ತಪ್ಪತೊಡಗಿತ್ತು.

ಈ ಸಲದ ಸುಗ್ಗಿಗೆ ನಾನು ಹೋದೆ. ಕ್ರಾಸಿನಿಂದ ನಡೆಯುತ್ತಾ ಬಂದರೆ, ರಸ್ತೆಯ ಮೇಲೆ ಒಂದು ತೆನೆಯೂ ಇರಲಿಲ್ಲ. ಮನೆಯ ಹತ್ತಿರ ಬಂದಾಗ ಮಾವ ಕಣದ ಮೂಲೆಯಲ್ಲಿ ಗುದ್ದಲಿ ಹಿಡಿದು ಜಲ್ಲಿ ಕೀಳುತ್ತಿದ್ದರು. ಪಕ್ಕದಲ್ಲಿ ಬಕೆಟ್ಟಿನ ತುಂಬ ಸಗಣಿ.

"ಏನ್ ಮಾಡ್ತಿದೀರಾ ಮಾವ?"

"ಕಣ ಮಾಡ್ಕೊಳ್ತೀನಿ ಕಣಮ್ಮಾ. ರಾಗಿ ಕೊಯ್ದಾಯ್ತು. ಸಾಕು, ಬಸ್ಸು ಗಿಸ್ಸು ಎಲ್ಲಾ ಆಯ್ತು," ಎಂದರು. ಮುಖ ಎತ್ತಲಿಲ್ಲ.

ಗುದ್ದಲಿಯ ಸದ್ದು ಕೇಳಿ ಅತ್ತೆ ಹೊರಗೆ ಬಂದರು. ಗೋಡೆ ಹಿಡಿದು, ಮೆಟ್ಟಿಲಿಳಿದು, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಕಣದವರೆಗೆ ಬಂದು ನಿಂತರು.

"ಗುದ್ಲಿ ಕೆಳಗಿಡ್ರೀ."

"ಯಾಕೇ? ರಾಗಿ ಎಲ್ಲಿ ಬಡಿಯೋದು?"

"ಪಕ್ಕದ ಮನೆಯೋರ ಕಣದಲ್ಲಿ ಕೇಳಿದೀನಿ. ಹೊತ್ಕೊಂಡ್ ಹೋಗಿ ಹಾಕಿ. ಊರಿಗೆಲ್ಲಾ ಹೇಳಿದೀನಿ, ರೋಡಲ್ಲಿ ಯಾರೂ ಒಂದು ಕಡ್ಡಿ ಹಾಕೋ ಹಾಗಿಲ್ಲ."

"ಮತ್ತೆ ಈ ಜಾಗ?"

"ಈ ಜಾಗ ಕಿತ್ತಾಕಿದ್ರೆ ನಾಳೆ ಬಸ್ಸು ಎಲ್ಲಿ ತಿರುಗುತ್ತೆ?"

ಮಾವ ತಲೆ ಎತ್ತಿ ಅವರ ಮುಖ ನೋಡಿದರು. ಇಷ್ಟು ವರ್ಷ ಕೇಳಿದ ನಗು ಅಲ್ಲಿದೆಯೋ ಎಂದು ಹುಡುಕುವ ಹಾಗೆ ಬಹಳ ಹೊತ್ತು ನೋಡಿದರು. ಇರಲಿಲ್ಲ. ಗುದ್ದಲಿ ಕೆಳಗಿಟ್ಟು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬೆವರು ಒರೆಸಿಕೊಳ್ಳತೊಡಗಿದರು. ಅಷ್ಟೊಂದು ಬೆವರುವ ಕೆಲಸವೇನೂ ಇನ್ನೂ ಆಗಿರಲಿಲ್ಲ.

ಅತ್ತೆಗೆ ಬಗ್ಗಲು ಆಗುವುದಿಲ್ಲ. ಮಾವ ಕಿತ್ತಿದ್ದ ಜಲ್ಲಿಯನ್ನು ಬರಿಗಾಲಿನಿಂದಲೇ ಗುಂಡಿಗೆ ತಳ್ಳಿ, ಆ ನೋಯುವ ಕಾಲಿನಲ್ಲೇ ಅದರ ಮೇಲೆ ನಿಂತು ಮೆಲ್ಲಮೆಲ್ಲನೆ ತುಳಿದರು.

"ನೋಡ್ತಾ ನಿಂತಿದೀರಲ್ಲ, ಬಂದು ನೀವೂ ತುಳೀರಿ," ಎಂದರು. "ಚಕ್ರ ಹೂತ್ಕೊಂಡ್ರೆ ಏನ್ ಮಾಡೋಣ?"